ಮೂರು ಮಾಪಕ, ಮೂರು ಉತ್ತರ: ರೀಫ್ ಟ್ಯಾಂಕಿಗೆ ಉಪ್ಪುನೀರು ಬೆರೆಸುವಾಗ ಯಾವುದನ್ನು ನಂಬಬೇಕು?

ಕಡಲಹೂವು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ, ಸಂಪ್ (ಅದಕ್ಕೆ ಜೋಡಿಸಿದ ಶೋಧಕ ತೊಟ್ಟಿ) ಸೇರಿಸಿ, ಕಲ್ಲು ಮತ್ತು ಮರಳು ಹಿಡಿದಿರುವ ಜಾಗವನ್ನು ಕಳೆದರೆ ಸುಮಾರು 180 ಲೀಟರ್ ನೀರಿದೆ. ಒಂದು ಜೊತೆ ಕ್ಲೌನ್ ಮೀನು, ಸೀಗಡಿ, ಮೆದು ಹವಳಗಳಲ್ಲಿ ಲೆದರ್, ಮಶ್ರೂಮ್ ಮತ್ತು ಝೋವಾಂಥಿಡ್ ಇವೆ. ಲೆದರ್ ಚೆನ್ನಾಗಿದೆ. ಝೋವಾಂಥಿಡ್ ಮಾತ್ರ ಕೆಲವು ದಿನ ಪೂರ್ತಿ ಅರಳುತ್ತದೆ, ಕೆಲವು ದಿನ ಮುದುಡಿಕೊಂಡಿರುತ್ತದೆ.

ಗೊಂದಲ ಲವಣಾಂಶದ್ದು. ರಿಫ್ರಾಕ್ಟೋಮೀಟರ್ 35 ಪಿಪಿಟಿ (ಉಪ್ಪುನೀರಿನ ಸಾವಿರ ಭಾಗದಲ್ಲಿ ಉಪ್ಪು 35 ಭಾಗ) ತೋರಿಸುತ್ತದೆ. ವಿದ್ಯುತ್ ವಾಹಕತೆ ನೋಡುವ ಡಿಜಿಟಲ್ ಪೆನ್ 33.5 ಎನ್ನುತ್ತದೆ. ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಶುದ್ಧ ನೀರಿನ ಎಷ್ಟು ಪಟ್ಟು ಭಾರ ಎಂಬುದು) ಒಮ್ಮೆ 1.027, ಇನ್ನೊಮ್ಮೆ 1.025. ಉಳಿದ ಪರೀಕ್ಷೆಗಳಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 395, ಮೆಗ್ನೀಸಿಯಂ 1230, ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟ್ ಅಂಶದ ಅಳತೆ) ಡಿಕೆಎಚ್ ಎಂಬ ಮಾನದಲ್ಲಿ 7.6 ಬಂದಿದೆ. ಅಂಗಡಿಯವರು ಲವಣಾಂಶ ಸರಿಯಾಗಿಯೇ ಇದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಡಿಮೆಯಾಗಿವೆ, ಎರಡಕ್ಕೂ ಬೇರೆ ಬೇರೆ ಬಾಟಲಿ ಹಾಕಿ ಎಂದಿದ್ದಾರೆ. ಎರಡೂ ದುಬಾರಿ. ಕೊಳ್ಳುವ ಮೊದಲು ನಿಮ್ಮನ್ನು ಕೇಳೋಣ ಎನಿಸಿತು.

ಸೋಮೇಶ್ವರ ಕಡಲತೀರ (ಮಂಗಳೂರು)

ಬಾಟಲಿಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ಮೊದಲು ಮಾಪಕಗಳ ವಿಚಾರ ಇತ್ಯರ್ಥವಾಗಲಿ.

ಹೈಡ್ರೋಮೀಟರಿನ ಮುಳ್ಳಿಗೆ ಸಣ್ಣ ಗಾಳಿಗುಳ್ಳೆ ಅಂಟಿಕೊಂಡರೂ ಅದು ಮುಳ್ಳನ್ನು ಮೇಲಕ್ಕೆತ್ತುತ್ತದೆ, ಓದಿಕೆ ಹೆಚ್ಚು ಬರುತ್ತದೆ. ನಿಮ್ಮ 1.027ರ ಕಾರಣ ಅದೇ ಇರಬೇಕು. ನೀರು ತುಂಬಿದ ಮೇಲೆ ಬೆರಳಿನಿಂದ ನಾಲ್ಕು ಬಾರಿ ತಟ್ಟಿ, ಗುಳ್ಳೆಯೆಲ್ಲ ಹೋದ ಮೇಲೆ ನೋಡಿ. ಬಳಸಿದ ನಂತರ ಸಿಹಿನೀರಿನಲ್ಲಿ ತೊಳೆದಿಡಿ. ಇಲ್ಲದಿದ್ದರೆ ತಿರುಗಣೆಯಲ್ಲಿ ಉಪ್ಪು ಕಟ್ಟಿ ಮುಳ್ಳು ಹಿಡಿದುಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ. ರಿಫ್ರಾಕ್ಟೋಮೀಟರನ್ನು ಯಾವುದರಲ್ಲಿ ಸರಿಹೊಂದಿಸಿದಿರಿ? ಪೆನ್ನನ್ನು?

ಕಡಲಹೂವು

ರಿಫ್ರಾಕ್ಟೋಮೀಟರಿಗೆ ಆರ್‌ಒ ನೀರು ಹಾಕಿ ಸೊನ್ನೆಗೆ ತಂದೆ. ಜೊತೆಗೆ ಬಂದ ಚೀಟಿಯಲ್ಲಿ ಹಾಗೆಯೇ ಬರೆದಿದೆ. ಪೆನ್ನನ್ನು ಅದರ ಜೊತೆಗೆ ಬಂದಿದ್ದ 53 ಮಿಲಿಸೀಮೆನ್ಸ್ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಿದ್ದೇನೆ.

ತಟ್ಟಿ ನೋಡಿದೆ. ಹೈಡ್ರೋಮೀಟರ್ ಈಗ ಪ್ರತಿ ಸಲವೂ 1.025ರ ಹತ್ತಿರವೇ ನಿಲ್ಲುತ್ತಿದೆ.

ರಸಾಯನ ಮೇಷ್ಟ್ರು (ಧಾರವಾಡ)

ಹಾಗಾದರೆ ನಿಮ್ಮ ಪೆನ್ನಿನ ಮಾತೇ ಹೆಚ್ಚು ನಂಬುವಂಥದ್ದು. 25 ಡಿಗ್ರಿಯಲ್ಲಿ 35 ಪಿಪಿಟಿ ಸಮುದ್ರದ ನೀರಿನ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್. ನಮಗೆ ಬೇಕಾದ ಬಿಂದುವಿನಲ್ಲಿಯೇ ಆ ಉಪಕರಣವನ್ನು ಸರಿಹೊಂದಿಸಿದ್ದೀರಿ. ರಿಫ್ರಾಕ್ಟೋಮೀಟರನ್ನು ಸರಿಹೊಂದಿಸಿರುವುದು ಸೊನ್ನೆಯಲ್ಲಿ, ಅಂದರೆ ಬೇಕಾದ ಜಾಗದಿಂದ ಬಹು ದೂರದಲ್ಲಿ. 33.5 ಪಿಪಿಟಿಗೆ ಸ್ಪೆಸಿಫಿಕ್ ಗ್ರಾವಿಟಿ 1.025ಕ್ಕಿಂತ ತುಸು ಹೆಚ್ಚಾಗುತ್ತದೆ. ಹಾಗಾಗಿ ನಿಮ್ಮ ಹೈಡ್ರೋಮೀಟರೂ ಪೆನ್ನಿನ ಪಕ್ಷದಲ್ಲಿದೆ.

ಇದಕ್ಕೆ ಕಾರಣವಿದೆ. ರಿಫ್ರಾಕ್ಟೋಮೀಟರ್ ನೋಡುವುದು ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಮಾತ್ರ. ಕಡಿಮೆ ಬೆಲೆಗೆ ಸಿಗುವ ಎಷ್ಟೋ ರಿಫ್ರಾಕ್ಟೋಮೀಟರುಗಳ ಗೀರುಗಳನ್ನು ಹಾಕಿರುವುದು ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ, ಸಮುದ್ರದ ನೀರಿಗಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಎಲ್ಲವೂ ಇರುವುದರಿಂದ ಅಷ್ಟೇ ತೂಕದ ಬರಿಯ ಅಡುಗೆ ಉಪ್ಪಿಗಿಂತ ಅದು ಬೆಳಕನ್ನು ಸ್ವಲ್ಪ ಹೆಚ್ಚು ಬಾಗಿಸುತ್ತದೆ. ಅಂಥ ಉಪಕರಣವನ್ನು ಶುದ್ಧ ನೀರಿನಲ್ಲಿ ಎಷ್ಟು ಸರಿಯಾಗಿ ಸೊನ್ನೆಗೆ ತಂದರೂ 35ರ ಸಮುದ್ರದ ನೀರನ್ನು 36.5 ಎಂದು ತೋರಿಸುತ್ತದೆ. ಸೊನ್ನೆಯಲ್ಲಿ ತಪ್ಪಿಲ್ಲ, ಮೇಲೆ ಹೋದಂತೆ ತಪ್ಪು ಬೆಳೆಯುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪ್ಯಾಕೆಟ್ಟಿನ ಪುಡಿ ಉಪ್ಪನ್ನು ಒಣ ಬಾಣಲೆಯಲ್ಲಿ ಕೆಲವು ನಿಮಿಷ ಹುರಿದು, ಮುಚ್ಚಿಟ್ಟು ಆರಲು ಬಿಡಿ. ತೇವ ಹೋಗಬೇಕು, ಇಲ್ಲದಿದ್ದರೆ ನೀರನ್ನೂ ಉಪ್ಪೆಂದು ತೂಗಿದಂತಾಗುತ್ತದೆ. ಅದರಲ್ಲಿ 36.5 ಗ್ರಾಂ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ನೀರನ್ನೂ ತೂಕದಲ್ಲಿಯೇ ತೆಗೆದುಕೊಳ್ಳಿ, ಅಳತೆ ಲೋಟದಲ್ಲಿ ಬೇಡ. ಒಟ್ಟು ಒಂದು ಕಿಲೋ ದ್ರಾವಣವಾಗುತ್ತದೆ. ಬೆಳಕನ್ನು ಬಾಗಿಸುವ ವಿಷಯದಲ್ಲಿ ಇದು 35 ಪಿಪಿಟಿ ಸಮುದ್ರದ ನೀರಿಗೆ ಸಮ. ಕಲ್ಲುಪ್ಪನ್ನು ಬಳಸಬೇಡಿ, ಅದರಲ್ಲಿ ತೇವವೂ ಬೇರೆ ಲವಣಗಳೂ ಇರುತ್ತವೆ. ಪುಡಿ ಉಪ್ಪಿನಲ್ಲಿರುವ ಅಯೋಡಿನ್ ಈ ಲೆಕ್ಕವನ್ನು ಕೆಡಿಸುವಷ್ಟಿಲ್ಲ.

ಪ್ರಿಸಂ ಮೇಲೆ ಎರಡು ಮೂರು ಹನಿ ಹಾಕಿ, ಮುಚ್ಚಳವನ್ನು ನಿಧಾನವಾಗಿ ಇಳಿಸಿ. ಗಾಜಿನ ಕೆಳಗೆ ನೀರು ಮೂಲೆಯವರೆಗೂ ಹರಡಿರಬೇಕು, ಒಣ ಚುಕ್ಕೆ ಉಳಿದಿರಬಾರದು. ಅರ್ಧ ನಿಮಿಷ ಬಿಟ್ಟು ಕಿಟಕಿಯ ಬೆಳಕಿನ ಕಡೆಗೆ ಹಿಡಿದು ನೋಡಿ. ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಚೂಪಾದ ಗೆರೆ ಕಾಣಬೇಕು. ಗೆರೆ ಮಂಜಾಗಿದ್ದರೆ ಒರೆಸಿ ಮತ್ತೆ ಹಾಕಿ. ಅದು ಎಲ್ಲಿ ನಿಂತಿತು ಎಂದು ಇಲ್ಲಿ ತಿಳಿಸಿ, ತಿರುಪನ್ನು ಆಮೇಲೆ ತಿರುಗಿಸೋಣ.

ಹೊಸ ಟ್ಯಾಂಕ್ (ಹುಬ್ಬಳ್ಳಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಇನ್ನೂ ಟ್ಯಾಂಕ್ ಹಾಕಿಲ್ಲ, ಓದುತ್ತಿದ್ದೇನೆ ಅಷ್ಟೆ. ಅಡುಗೆ ಉಪ್ಪಿನಿಂದ ಸಮುದ್ರದ ನೀರಿಗೆ ಸಮನಾದ ದ್ರಾವಣ ಮಾಡಬಹುದಾದರೆ ಅದನ್ನೇ ಟ್ಯಾಂಕಿಗೆ ಹಾಕಬಾರದೇ? ಅಡುಗೆ ಉಪ್ಪು ಬೇಡವೆಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಇದೆಯಲ್ಲ, ಅದು ಸಮುದ್ರದ ನೀರಿನಿಂದಲೇ ಮಾಡಿದ್ದು. ರೀಫ್ ಟ್ಯಾಂಕಿಗೆಂದೇ ವಿದೇಶದಿಂದ ಬರುವ ಉಪ್ಪಿನ ಮಿಶ್ರಣದ ಬೆಲೆ ನೋಡಿ ಕೈ ಹಿಂದೆಗೆಯುವಂತಾಗಿದೆ.

ಅಘನಾಶಿನಿ (ಕುಮಟಾ)

ನಮ್ಮೂರಿನ ಉಪ್ಪಿನ ಹೆಸರು ಬಂದದ್ದರಿಂದ ನಾನು ಉತ್ತರಿಸುತ್ತೇನೆ. ಸಾಣಿಕಟ್ಟಾ ಉಪ್ಪು ಊಟಕ್ಕೆ ಬಲು ಚೆನ್ನ. ಹವಳಕ್ಕೆ ಆಗುವುದಿಲ್ಲ, ಮತ್ತು ಏಕೆ ಆಗುವುದಿಲ್ಲ ಎಂಬುದು ಉಪ್ಪಿನ ಆಗರದ ಕೆಲಸದಲ್ಲಿಯೇ ಇದೆ.

ಉಬ್ಬರದ ನೀರನ್ನು ಒಳಬಿಟ್ಟುಕೊಂಡು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಒಣಗಿಸುತ್ತಾರೆ. ನೀರು ಆವಿಯಾಗುತ್ತಾ ಹೋದಂತೆ ಎಲ್ಲ ಲವಣಗಳೂ ಒಟ್ಟಿಗೆ ಕೆಳಗೆ ಕೂರುವುದಿಲ್ಲ. ಮೊದಲು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇಳಿಯುತ್ತದೆ. ನೀರು ಮೂರು ನಾಲ್ಕು ಪಟ್ಟು ಗಟ್ಟಿಯಾದಾಗ ಜಿಪ್ಸಂ ಇಳಿಯುತ್ತದೆ. ಸುಮಾರು ಹತ್ತು ಪಟ್ಟಾದಾಗ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಅಷ್ಟರಲ್ಲಿ ಅದನ್ನು ಎಳೆದು ರಾಶಿ ಹಾಕುತ್ತಾರೆ. ಮೇಲೆ ಉಳಿದ ಕಹಿ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಬ್ರೋಮೈಡ್ ಇರುತ್ತವೆ. ಅದನ್ನು ಹೊರಬಿಡುತ್ತಾರೆ, ಏಕೆಂದರೆ ಅದು ಉಪ್ಪಿಗೆ ಸೇರಿದರೆ ಊಟ ಕಹಿಯಾಗುತ್ತದೆ, ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ.

ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಮೊದಲ ಪಾತಿಗಳಲ್ಲಿಯೇ ಉಳಿಯಿತು, ಮೆಗ್ನೀಸಿಯಂ ಕಹಿ ನೀರಿನೊಂದಿಗೆ ಹೋಯಿತು. ಆ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ತಿರುಗಿ ಬರುವುದಿಲ್ಲ.

ರಸಾಯನ ಮೇಷ್ಟ್ರು

ಬಹಳ ಚೆನ್ನಾಗಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಸಮುದ್ರದಲ್ಲಿ ಕರಗಿರುವ ಲವಣದ ತೂಕದಲ್ಲಿ ಕ್ಲೋರೈಡ್ ಸುಮಾರು ಶೇ 55, ಸೋಡಿಯಂ ಶೇ 30.6, ಸಲ್ಫೇಟ್ ಶೇ 7.7, ಮೆಗ್ನೀಸಿಯಂ ಶೇ 3.7, ಕ್ಯಾಲ್ಸಿಯಂ ಶೇ 1.2, ಪೊಟ್ಯಾಸಿಯಂ ಶೇ 1.1. ತೆರೆದ ಸಾಗರದಲ್ಲಿ ಉಪ್ಪು ಹೆಚ್ಚಿರಲಿ, ಕಡಿಮೆ ಇರಲಿ, ಈ ಪ್ರಮಾಣಗಳು ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಜಗತ್ತಿನ ಸಾಗರಗಳಲ್ಲಿ ಸಂಗ್ರಹಿಸಿದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದಾಗ ಇದು ಗಟ್ಟಿಯಾಯಿತು.

ಕಡಲಹೂವು ಅವರೇ, ಇದನ್ನು ಸುಮ್ಮನೆ ಹೇಳುತ್ತಿಲ್ಲ. ನಿಮ್ಮ ಕ್ಯಾಲ್ಸಿಯಂ ಪ್ರಶ್ನೆಯ ಉತ್ತರ ಇದರಲ್ಲಿಯೇ ಇದೆ. ಮೊದಲು ಆ ಗೆರೆ ಎಲ್ಲಿ ನಿಂತಿತು ಎಂದು ತಿಳಿಸಿ.

ಕಡಲಹೂವು

ಸರ್, ನೀವು ಹೇಳಿದಂತೆಯೇ ಮಾಡಿದೆ. ಗೆರೆ 36ಕ್ಕೂ 37ಕ್ಕೂ ನಡುವೆ ನಿಂತಿತು. ಒರೆಸಿ ಮತ್ತೆ ಹಾಕಿದರೂ ಅಲ್ಲೇ. ಇಳಿಮಧ್ಯಾಹ್ನ ಕಿಟಕಿಯ ಬಳಿ ನೋಡಿದೆ, ಗೆರೆ ಚೂಪಾಗಿತ್ತು.

ಎಡಿಸನ್ ರೀಫ್ (ನ್ಯೂ ಜೆರ್ಸಿ)

ಹಾಗಾದರೆ ಲೆಕ್ಕ ಮುಗಿಯಿತು. ಉಪಕರಣ 36.5 ಎಂದದ್ದು ನಿಜವಾಗಿ 35. ಅದು ಟ್ಯಾಂಕಿನ ನೀರನ್ನು 35 ಎಂದರೆ ನಿಜವಾಗಿ ಇರುವುದು ಸುಮಾರು 33.5, ಪೆನ್ ಹೇಳಿದಷ್ಟೇ. ಈಗ ಅದೇ ದ್ರಾವಣವನ್ನು ಪ್ರಿಸಂ ಮೇಲಿಟ್ಟು ಗೆರೆ 35ಕ್ಕೆ ಬರುವಂತೆ ತಿರುಪನ್ನು ತಿರುಗಿಸಿ. ಇನ್ನು ಮೇಲೆ ಶುದ್ಧ ನೀರು ಹಾಕಿದಾಗ ಗೆರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದರ ಗೊಡವೆ ಬೇಡ. ನಾವು ಅಳೆಯುವುದು 35ರ ಸುತ್ತಮುತ್ತ ಮಾತ್ರ.

ಈಗ ಮೇಷ್ಟ್ರು ಹೇಳಿದ ಪ್ರಮಾಣದ ಮಾತಿಗೆ ಬರುತ್ತೇನೆ. ನಿಮ್ಮ ಕ್ಯಾಲ್ಸಿಯಂ 395. ಅದನ್ನು 33.5ರಿಂದ ಭಾಗಿಸಿ 35ರಿಂದ ಗುಣಿಸಿ: 413. ಮೆಗ್ನೀಸಿಯಂ 1230ಕ್ಕೆ ಅದೇ ಲೆಕ್ಕ ಹಾಕಿದರೆ 1285. 35 ಪಿಪಿಟಿ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ 410ರ ಆಸುಪಾಸು, ಮೆಗ್ನೀಸಿಯಂ 1280ರಿಂದ 1290 ಇರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಕೊರತೆಯೂ ಇಲ್ಲ, ಮೆಗ್ನೀಸಿಯಂ ಕೊರತೆಯೂ ಇಲ್ಲ. ಉಪ್ಪೇ ಒಟ್ಟಾರೆ ಕಡಿಮೆ ಇದೆ. ಲವಣಾಂಶ ಏರಿದರೆ ಎಲ್ಲವೂ ಅದರ ಜೊತೆಗೆ ಏರುತ್ತವೆ. ಆ ಎರಡು ಬಾಟಲಿಗಳನ್ನು ಹಾಕಿ, ಆಮೇಲೆ ಲವಣಾಂಶವನ್ನೂ ಸರಿಪಡಿಸಿದ್ದರೆ ಎರಡೂ ಬೇಕಾದದ್ದಕ್ಕಿಂತ ಮೇಲೆ ಹೋಗುತ್ತಿದ್ದವು.

ಯಾರೇ ಕ್ಯಾಲ್ಸಿಯಂ ಕಡಿಮೆ ಎಂದು ಬರೆದರೂ ನಾನು ಮೊದಲು ಲವಣಾಂಶ ಎಷ್ಟು, ಅದನ್ನು ಅಳೆದದ್ದು ಹೇಗೆ ಎಂದು ಕೇಳುತ್ತೇನೆ. ಈ ಕ್ರಮ ತಪ್ಪಿದರೆ ಉಳಿದ ಪರೀಕ್ಷೆಗಳಿಗೆ ಅರ್ಥವೇ ಇಲ್ಲ.

ಏರಿಸುವ ಬಗೆ ಹೀಗೆ. 180 ಲೀಟರಿಗೆ 1.5 ಪಿಪಿಟಿ ಏರಬೇಕಾದರೆ ಸುಮಾರು 270 ಗ್ರಾಂ ಲವಣ ಬೇಕು. ಅದನ್ನು ಟ್ಯಾಂಕಿಗೆ ನೇರವಾಗಿ ಸುರಿಯಬೇಡಿ, ಕರಗದ ಹರಳು ಹವಳದ ಮೇಲೆ ಬಿದ್ದ ಜಾಗ ಸುಟ್ಟುಹೋಗುತ್ತದೆ. ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ? 2 ಲೀಟರ್ ಎಂದಿಟ್ಟುಕೊಳ್ಳೋಣ. ಆ ಜಾಗಕ್ಕೆ ಸಿಹಿನೀರಿನ ಬದಲು 35 ಪಿಪಿಟಿಯ ಉಪ್ಪುನೀರನ್ನು ತುಂಬಿ. ದಿನಕ್ಕೆ 70 ಗ್ರಾಂ ಒಳಗೆ ಹೋಗುತ್ತದೆ, ಅಂದರೆ ದಿನಕ್ಕೆ 0.4 ಪಿಪಿಟಿಯಷ್ಟು ಏರಿಕೆ. ಸುಮಾರು ನಾಲ್ಕು ದಿನಕ್ಕೆ ಗುರಿ ಮುಟ್ಟುತ್ತೀರಿ. ಪ್ರತಿ ಸಂಜೆ ಅಳೆಯಿರಿ. 35 ಮುಟ್ಟಿದ ದಿನವೇ ಸಿಹಿನೀರಿಗೆ ಮರಳಿ. ಅದನ್ನು ಮರೆತರೆ ಲವಣಾಂಶ ಏರುತ್ತಲೇ ಹೋಗುತ್ತದೆ.

ಬಣ್ಣದ ಮೀನು (ಮೈಸೂರು)

ನನಗೊಂದು ಭಿನ್ನಾಭಿಪ್ರಾಯವಿದೆ. 33.5 ಏನು ಅಷ್ಟು ಕೆಟ್ಟದ್ದೇ? ನನ್ನ ಸಮುದ್ರ ಮೀನಿನ ಟ್ಯಾಂಕ್ ವರ್ಷಗಳಿಂದ 1.022ರಲ್ಲಿ ಇದೆ. ಮೀನುಗಳು ಚೆನ್ನಾಗಿ ತಿನ್ನುತ್ತವೆ, ಬಣ್ಣವೂ ಚೆನ್ನಾಗಿದೆ. ಪ್ರತಿ ತಿಂಗಳೂ ಉಪ್ಪು ಉಳಿಯುತ್ತದೆ. ಸ್ಥಿರವಾಗಿದ್ದರೆ ಸಾಕಲ್ಲವೇ? ಅಂಕಿಯ ಹಿಂದೆ ಏಕೆ ಓಡಬೇಕು?

ಸೋಮೇಶ್ವರ ಕಡಲತೀರ

ನಿಮ್ಮ ಟ್ಯಾಂಕಿನ ಮಟ್ಟಿಗೆ ನೀವು ಹೇಳಿದ್ದು ಸರಿ, ಏಕೆಂದರೆ ಅದರಲ್ಲಿ ಇರುವುದು ಮೀನು ಮಾತ್ರ. ಮೀನು ತನ್ನ ರಕ್ತದ ಲವಣವನ್ನು ಕಿವಿರು ಮತ್ತು ಮೂತ್ರಪಿಂಡಗಳ ಮೂಲಕ ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಹೊರಗಿನ ನೀರು ಸ್ವಲ್ಪ ತೆಳುವಾದರೂ ನಿಭಾಯಿಸುತ್ತದೆ. ಹವಳ, ಸೀಗಡಿ, ನಕ್ಷತ್ರ ಮೀನುಗಳಿಗೆ ಆ ಶಕ್ತಿ ಬಹಳ ಕಡಿಮೆ. ಹೊರಗಿನ ನೀರು ಹೇಗಿದೆಯೋ ಅವುಗಳ ಮೈಯೊಳಗಿನ ದ್ರವವೂ ಹಾಗೆಯೇ ಆಗುತ್ತದೆ. ನೀರು ತೆಳುವಾದರೆ ಜೀವಕೋಶದೊಳಗೆ ನೀರು ನುಗ್ಗುತ್ತದೆ. ಹಾಗಾಗಿ ಈ ಎರಡು ಬಗೆಯ ಟ್ಯಾಂಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಸ್ಥಿರತೆಯ ಮಾತನ್ನು ನಾನೂ ಪೂರ್ತಿ ಒಪ್ಪುತ್ತೇನೆ. 34ರಲ್ಲಿ ಕದಲದೆ ನಿಂತ ಟ್ಯಾಂಕು, ವಾರದೊಳಗೆ 33ಕ್ಕೂ 36ಕ್ಕೂ ಓಲಾಡುವ ಟ್ಯಾಂಕಿಗಿಂತ ಎಷ್ಟೋ ಮೇಲು. 180 ಲೀಟರಿನಲ್ಲಿ 2 ಲೀಟರ್ ಆವಿಯಾದರೆ 35 ಇದ್ದದ್ದು 35.4 ಆಗುತ್ತದೆ. ಬೇಸಗೆಯಲ್ಲಿ ಫ್ಯಾನ್ ಹಾಕಿ 4 ಲೀಟರ್ ಹೋದರೆ 35.8. ಎರಡು ದಿನ ಊರಿಗೆ ಹೋಗಿ ಬಂದು ಒಂದೇ ಸಲ ಸಿಹಿನೀರು ಸುರಿದರೆ ಹವಳಕ್ಕೆ ಆಗುವ ಆಘಾತವನ್ನು ಊಹಿಸಿ. ಕಡಲಹೂವು ಅವರ ಝೋವಾಂಥಿಡ್ ಒಂದು ದಿನ ಅರಳಿ ಇನ್ನೊಂದು ದಿನ ಮುದುಡುವುದಕ್ಕೆ ಇದೂ ಕಾರಣವಿರಬಹುದು. ಆವಿಯಾದಷ್ಟು ಸಿಹಿನೀರನ್ನು ತಾನೇ ತುಂಬುವ, ಫ್ಲೋಟ್ ವಾಲ್ವ್ ಇರುವ ಸಣ್ಣ ಟಾಪ್-ಅಪ್ ವ್ಯವಸ್ಥೆಗೆ ಹಣ ಹಾಕಿ, ಬಾಟಲಿಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಣ್ಣದ ಮೀನು

ಮೀನು ಮತ್ತು ಹವಳದ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಧನ್ಯವಾದಗಳು.

ಕಡಲಹೂವು

ದಿನಕ್ಕೆ 2 ಲೀಟರಿಗೆ ಹತ್ತಿರವೇ ಹೋಗುತ್ತದೆ, ನಾನು ಕೈಯಿಂದಲೇ ತುಂಬುತ್ತೇನೆ. ಹಾಗಾದರೆ ಟಾಪ್-ಅಪ್ ವ್ಯವಸ್ಥೆಯನ್ನೇ ಮೊದಲು ತರಿಸುತ್ತೇನೆ.

ಇನ್ನೊಂದು ವಿನಂತಿ. ಹೊಸ ನೀರನ್ನು ಬೆರೆಸುವ ಕ್ರಮವನ್ನು ಯಾರಾದರೂ ಮೊದಲಿನಿಂದ ಬರೆಯುವಿರಾ? ನನ್ನ ಡ್ರಮ್ಮಿನಲ್ಲಿ ಕೆಲವು ಬಾರಿ ನೀರು ಬೆಳ್ಳಗೆ ಮಬ್ಬಾಗಿಯೇ ಉಳಿಯುತ್ತದೆ, ಪಂಪಿನ ಮೇಲೆ ಬಿಳಿ ಹೆಪ್ಪು ಕಟ್ಟುತ್ತದೆ.

ಸೋಮೇಶ್ವರ ಕಡಲತೀರ

ನೀರಿನಿಂದ ಶುರು ಮಾಡುತ್ತೇನೆ. ಬೆಂಗಳೂರಿನ ಕೊಳವೆಬಾವಿಯ ನೀರು ಗಡಸು, ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರವಾಗಿ ಬಳಸಲಾಗದು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರ ಇದೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. ಅದರಲ್ಲಿ ಎರಡು ತೊಡಕು. ರುಚಿಗಾಗಿ ಅದು ಬೇಕೆಂದೇ ಸ್ವಲ್ಪ ಖನಿಜವನ್ನು ಉಳಿಸುತ್ತದೆ ಅಥವಾ ಮತ್ತೆ ಸೇರಿಸುತ್ತದೆ. ಅದಕ್ಕಿಂತ ದೊಡ್ಡದು ತಾಮ್ರ. ಈಚೆಗೆ ನೀರಿಗೆ ತಾಮ್ರ ಸೇರಿಸುವ ಯಂತ್ರಗಳು ಮನೆಮನೆಯಲ್ಲೂ ಇವೆ. ನಮ್ಮ ಆರೋಗ್ಯಕ್ಕೆಂದು ಹಾಕಿದ ಆ ತಾಮ್ರ ಅತ್ಯಲ್ಪವಾದರೂ ಸೀಗಡಿಗೂ ಹವಳಕ್ಕೂ ವಿಷ. ತಾಮ್ರದ ಹಂಡೆ, ಬಿಂದಿಗೆ, ಹಿತ್ತಾಳೆಯ ನಲ್ಲಿ ಯಾವುದನ್ನೂ ಈ ಕೆಲಸದ ಹತ್ತಿರ ತರಬೇಡಿ. ಕಾರ್ಬನ್ ಫಿಲ್ಟರ್, ಆರ್‌ಒ ಮೆಂಬ್ರೇನ್, ಕೊನೆಯಲ್ಲಿ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್, ಹೀಗೆ ಪ್ರತ್ಯೇಕ ಸಾಲು ಬೇಕು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವವರೆಗೆ ರೆಸಿನ್ ಚೆನ್ನಾಗಿದೆ. ಅಂಕಿ ಏರಲು ತೊಡಗಿದರೆ ಬದಲಿಸಿ.

ಡ್ರಮ್ ಆಹಾರ ದರ್ಜೆಯ ಪ್ಲಾಸ್ಟಿಕ್ಕಿನದಾಗಿರಲಿ. ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮಿನಲ್ಲಿ ಹಿಂದೆ ಯಾವ ರಾಸಾಯನಿಕ ಇತ್ತೋ ಹೇಳಲಾಗದು.

ಮೊದಲು ನೀರು, ಆಮೇಲೆ ಉಪ್ಪು. ಇದನ್ನು ತಿರುವುಮುರುವು ಮಾಡಬೇಡಿ. ಉಪ್ಪನ್ನು ತಳದಲ್ಲಿ ಹಾಕಿ ಮೇಲಿಂದ ನೀರು ಬಿಟ್ಟರೆ ತಳದ ನೀರು ಕೆಲವು ನಿಮಿಷ ವಿಪರೀತ ಗಟ್ಟಿಯಾಗುತ್ತದೆ. ಆಗ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಕ್ಕೊಂದು ಸೇರಿ ಸುಣ್ಣವಾಗಿ ಬೇರ್ಪಡುತ್ತವೆ. ನೀವು ನೋಡಿದ ಬಿಳಿ ಮಬ್ಬು, ಪಂಪಿನ ಮೇಲಿನ ಹೆಪ್ಪು ಅದೇ. ಹಾಗೆ ಹೋದ ಆಲ್ಕಲಿನಿಟಿ ಮತ್ತೆ ಕರಗಿ ಬರುವುದಿಲ್ಲ. ನೀರನ್ನು 25 ಡಿಗ್ರಿಯ ಹತ್ತಿರ ತನ್ನಿ, ಪಂಪ್ ಜೋರಾಗಿ ತಿರುಗುತ್ತಿರಲಿ, ಉಪ್ಪನ್ನು ಹಿಡಿಹಿಡಿಯಾಗಿ ಸುರಿಯಿರಿ. ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ಹೀಟರನ್ನು ಉಪ್ಪು ಹಾಕುವ ಮೊದಲೇ ಬಳಸಿ ಆರಿಸಿಬಿಡಿ. ಬಿಸಿ ಮೇಲ್ಮೈಯಲ್ಲಿ ಸುಣ್ಣ ಬೇಗ ಕಟ್ಟುತ್ತದೆ.

ಲೀಟರಿಗೆ ಎಷ್ಟು? ಹೆಚ್ಚಿನ ಮಿಶ್ರಣಗಳು 36ರಿಂದ 39 ಗ್ರಾಂ ಎನ್ನುತ್ತವೆ, ಚೀಲದ ಮೇಲೆ ನೋಡಿ. 35ಕ್ಕಿಂತ ಹೆಚ್ಚು ಏಕೆಂದರೆ ಅದರಲ್ಲಿನ ಲವಣಗಳು ತಮ್ಮೊಳಗೇ ನೀರನ್ನು ಹಿಡಿದುಕೊಂಡಿರುತ್ತವೆ. ನಮ್ಮ ಕರಾವಳಿಯಲ್ಲಿ ಈ ಲೆಕ್ಕವೂ ಜೂನ್ ಬಂದರೆ ನಿಲ್ಲುವುದಿಲ್ಲ. ಚೀಲ ತೆರೆದಿಟ್ಟರೆ ಮಳೆಗಾಲದ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಉಪ್ಪು ಹೆಂಟೆಯಾಗುತ್ತದೆ. ಅಷ್ಟೇ ಗ್ರಾಂ ಹಾಕಿದರೂ ಲವಣಾಂಶ ಕಡಿಮೆ ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಕಲ್ಲಿನಂತೆ ಗಟ್ಟಿಯಾದ ಉಪ್ಪನ್ನು ಬಳಸುವ ಮೊದಲು ಒಂದು ಬಕೆಟ್ಟಿನಲ್ಲಿ ಬೆರೆಸಿ ಆಲ್ಕಲಿನಿಟಿ ನೋಡಿ. ಸಾಗಾಟದಲ್ಲಿ ಭಾರದ ಕಣಗಳು ಕೆಳಗಿಳಿದಿರುತ್ತವೆ, ಆದ್ದರಿಂದ ತೆರೆಯುವ ಮೊದಲು ಚೀಲವನ್ನು ಹೊರಳಾಡಿಸಿ.

ಬೆರೆತ ಮೇಲೆ ಅಳೆಯಿರಿ. 50 ಲೀಟರ್ 37 ಬಂದಿದೆ ಎನ್ನೋಣ. 37ನ್ನು 35ರಿಂದ ಭಾಗಿಸಿ 50ರಿಂದ ಗುಣಿಸಿದರೆ 52.9. ಅಂದರೆ 2.9 ಲೀಟರ್ ಶುದ್ಧ ನೀರು ಸೇರಿಸಬೇಕು. 33 ಬಂದಿದ್ದರೆ ಲೀಟರಿಗೆ 2 ಗ್ರಾಂ ಕಡಿಮೆ, ಒಟ್ಟು 100 ಗ್ರಾಂ. ತೇವದ ಲೆಕ್ಕ ಹಿಡಿದು 105ರಿಂದ 110 ಗ್ರಾಂ ಮಿಶ್ರಣ ಹಾಕಿ.

ಖೋರ್ ದಂಡೆ (ದುಬೈ)

ಸೋಮೇಶ್ವರದವರು ಹೇಳಿದ್ದಕ್ಕೆ ಇಲ್ಲಿನ ಅನುಭವ ಸೇರಿಸುತ್ತೇನೆ. ನಾವು ಕೆಲವರು ಸಮುದ್ರದ ನೀರನ್ನೇ ತಂದು ಬಳಸುತ್ತೇವೆ. ಆದರೆ ಈ ಕೊಲ್ಲಿಯಲ್ಲಿ ಬಿಸಿಲು ಹೆಚ್ಚು, ನದಿಗಳು ಕಡಿಮೆ, ಲವಣಾಂಶ 40ರ ಆಸುಪಾಸು ಇರುತ್ತದೆ. 100 ಲೀಟರ್ ನೀರಿಗೆ 14 ಲೀಟರಿನಷ್ಟು ಆರ್‌ಒ ನೀರು ಬೆರೆಸಿದರೆ 35ಕ್ಕೆ ಬರುತ್ತದೆ. ನಮ್ಮ ಮಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧವಲ್ಲವೇ? ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಬಂದರೆ ಅಳಿವೆಯ ಹತ್ತಿರದ ನೀರು ತೆಳುವಾಗಿ, ಕೆಸರಾಗಿಬಿಡುತ್ತದೆ.

ಮಿಶ್ರಣವನ್ನು ಎಷ್ಟು ಹೊತ್ತು ತಿರುಗಿಸಬೇಕು? ಒಂದು ರಾತ್ರಿ ಪೂರ್ತಿ ಬಿಡಬೇಕೆಂದು ಹಿಂದಿನಿಂದ ಕೇಳಿದ್ದೇನೆ.

ಸೋಮೇಶ್ವರ ಕಡಲತೀರ

ಹೌದು, ಇಲ್ಲಿ ಜೂನ್‌ನಿಂದ ಕೆಲವು ತಿಂಗಳು ಸಮುದ್ರದ ನೀರನ್ನು ಮುಟ್ಟುವುದಿಲ್ಲ. ಬೇಸಗೆಯಲ್ಲಿ ತಂದರೂ ಅಳಿವೆಯಿಂದ, ಬಂದರಿನಿಂದ ದೂರ ಹೋಗಿ ದೋಣಿಯಿಂದಲೇ ತರಬೇಕು.

ರಾತ್ರಿ ಪೂರ್ತಿ ಎಂಬುದು ಎಲ್ಲ ಉಪ್ಪಿಗೂ ಸಲ್ಲುವ ಮಾತಲ್ಲ. ಆಲ್ಕಲಿನಿಟಿ ಮತ್ತು ಕ್ಯಾಲ್ಸಿಯಂ ಎರಡೂ ಹೆಚ್ಚಿರುವ ಮಿಶ್ರಣಗಳನ್ನು ಬಹಳ ಹೊತ್ತು ಬಿಸಿಯಲ್ಲಿ ಕಲಕಿದರೆ ಸುಣ್ಣ ಕಟ್ಟುತ್ತದೆ. ರೆಡ್ ಸೀ ಕೋರಲ್ ಪ್ರೊ ಎಂಬ ಮಿಶ್ರಣದ ತಯಾರಕರು ತಮ್ಮ ಉಪ್ಪನ್ನು ಬೆರೆಸಿದ ನಾಲ್ಕು ಗಂಟೆಯೊಳಗೆ ಬಳಸಲು ಹೇಳುತ್ತಾರೆ. ಸ್ವಾಭಾವಿಕ ಮಟ್ಟದ ಆಲ್ಕಲಿನಿಟಿ ಇರುವ ಮಿಶ್ರಣವನ್ನು ಮುಚ್ಚಿ ತಂಪಾಗಿ ಇಟ್ಟುಕೊಳ್ಳಬಹುದು. ಚೀಲದ ಮೇಲೆ ಬರೆದದ್ದನ್ನು ಓದಿ, ಹಾಗೆಯೇ ನಡೆಯಿರಿ.

ಎಡಿಸನ್ ರೀಫ್

ಉಪ್ಪಿನ ಆಯ್ಕೆಯ ಬಗ್ಗೆ ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ. ಲವಣಾಂಶ 35ಕ್ಕೆ 35 ಹೊಂದಿದ್ದರೂ ಒಂದು ಚೀಲದ ಆಲ್ಕಲಿನಿಟಿ 8 ಇರುತ್ತದೆ, ಇನ್ನೊಂದರದ್ದು 11 ಅಥವಾ 12. ಸಮುದ್ರದಲ್ಲಿ ಇರುವುದು 7ರ ಹತ್ತಿರ. ನಿಮ್ಮ ಟ್ಯಾಂಕು 7.6ರಲ್ಲಿದೆ. 11 ಇರುವ ನೀರಿನಿಂದ ಶೇ 10 ಬದಲಿಸಿದರೆ ಟ್ಯಾಂಕಿನ ಆಲ್ಕಲಿನಿಟಿ 0.34 ಏರುತ್ತದೆ, ಮೆದು ಹವಳಕ್ಕೆ ಅದು ಗೊತ್ತೂ ಆಗುವುದಿಲ್ಲ. ಶೇ 40 ಬದಲಿಸಿದರೆ ಒಂದೇ ಏಟಿಗೆ 1.36 ಏರುತ್ತದೆ. ಇಲ್ಲಿ ನನ್ನ ಟ್ಯಾಂಕಿನಲ್ಲಿ ಅಕ್ರೊಪೊರಾ ಎಂಬ ಕಲ್ಲುಹವಳವಿದೆ. ಅದಕ್ಕೆ ಅಂಥ ನೆಗೆತ ತಡೆಯುವುದಿಲ್ಲ, ಕೊಂಬೆಯ ತುದಿಗಳು ಬೆಳ್ಳಗೆ ಸುಟ್ಟಂತಾಗುತ್ತವೆ. ಆದ್ದರಿಂದ ಟ್ಯಾಂಕಿನಲ್ಲಿ ಯಾವ ಮಟ್ಟ ಇಟ್ಟುಕೊಂಡಿದ್ದೀರೋ ಅದೇ ಮಟ್ಟದ ಉಪ್ಪನ್ನು ಕೊಳ್ಳಿ. ಹೆಚ್ಚು ಇದ್ದರೆ ಒಳ್ಳೆಯದು ಎಂಬ ಭಾವನೆಯಿಂದ ದುಬಾರಿ ಚೀಲ ತರಬೇಡಿ.

ಹೊಸ ಟ್ಯಾಂಕ್

ಅಕ್ರೊಪೊರಾ ಚಿತ್ರಗಳನ್ನು ನೋಡಿ ನನಗೂ ಅದೇ ಬೇಕೆನಿಸಿದೆ. ಹುಬ್ಬಳ್ಳಿಗೆ ತರಿಸಿಕೊಳ್ಳಬಹುದೇ?

ಅಘನಾಶಿನಿ

ಬೇಡ. ಭಾರತದಲ್ಲಿ ಎಲ್ಲ ಕಲ್ಲುಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲ ಬೀಸಣಿಗೆಗಳೂ ಕಡಲಕುದುರೆಗಳೂ ಆ ಪಟ್ಟಿಯಲ್ಲಿವೆ. ಯಾರಾದರೂ ಮಾರುತ್ತೇನೆ ಎಂದರೂ ಕೊಳ್ಳಬೇಡಿ, ಯಾವ ಸಮುದ್ರದಿಂದ ಕಿತ್ತು ತಂದರೋ ತಿಳಿಯದು. ಜೀವಂತ ಕಲ್ಲುಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬನ್ನಿ, ಡೈವಿಂಗ್ ಮಾಡಿಸುತ್ತಾರೆ. ನೀರಿನೊಳಗೆ ಅವುಗಳ ನಡುವೆ ಮೀನು ಓಡಾಡುವುದನ್ನು ನೋಡುವ ಸಂತೋಷಕ್ಕೆ ಸಾಟಿಯಿಲ್ಲ.

ಕಡಲಹೂವು

ಟ್ಯಾಂಕ್ ಈಗ 35ರಲ್ಲಿ ನಿಂತಿದೆ. ರಿಫ್ರಾಕ್ಟೋಮೀಟರ್ ಮತ್ತು ಪೆನ್ ಎರಡೂ ಒಂದೇ ಮಾತು ಹೇಳುತ್ತಿವೆ. ಕ್ಯಾಲ್ಸಿಯಂ 410, ಮೆಗ್ನೀಸಿಯಂ 1280 ಬಂತು, ಒಂದು ಹನಿ ಬಾಟಲಿ ಔಷಧವನ್ನೂ ಹಾಕದೆ. ಎಡಿಸನ್ ಅವರ ಲೆಕ್ಕ ಇಷ್ಟು ಹತ್ತಿರ ಬರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದಗಳು.

ಆಲ್ಕಲಿನಿಟಿ 7.8 ಇದೆ. ಹವಳ ಬೆಳೆದಂತೆ ಇಳಿದರೆ ಏರಿಸಲು ಏನು ಮಾಡಲಿ? ರಿಫ್ರಾಕ್ಟೋಮೀಟರಿಗೆಂದು ಮಾಡಿದ ಅಡುಗೆ ಉಪ್ಪಿನ ದ್ರಾವಣವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು?

ರಸಾಯನ ಮೇಷ್ಟ್ರು

7.8 ಚೆನ್ನಾಗಿದೆ, ಸದ್ಯ ಏನನ್ನೂ ಹಾಕಬೇಡಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಿ. ಮೆದು ಹವಳ ಮಾತ್ರ ಇರುವ ಟ್ಯಾಂಕಿನಲ್ಲಿ ಆಲ್ಕಲಿನಿಟಿ ಬಹಳ ನಿಧಾನವಾಗಿ ಇಳಿಯುತ್ತದೆ, ನೀರು ಬದಲಿಸುವುದರಿಂದಲೇ ತುಂಬಿಕೊಳ್ಳುವುದೂ ಉಂಟು.

7ಕ್ಕಿಂತ ಕೆಳಗೆ ಹೋದರೆ ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ವಸ್ತುಗಳಿರುತ್ತವೆ. ಪ್ಯಾಕೆಟ್ಟಿನ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಎಂದಷ್ಟೇ ಇರಬೇಕು. 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ನಿಮ್ಮ 180 ಲೀಟರಿನಲ್ಲಿ ಅರ್ಧ ಡಿಕೆಎಚ್ ಏರಿಸಲು 2.7 ಗ್ರಾಂ. ಒಂದು ಲೋಟ ಆರ್‌ಒ ನೀರಿನಲ್ಲಿ ಪೂರ್ತಿ ಕರಗಿಸಿ, ಸಂಪಿನಲ್ಲಿ ಹರಿವು ಜೋರಾಗಿರುವ ಕಡೆ ನಿಧಾನವಾಗಿ ಸುರಿಯಿರಿ. ಒಂದು ದಿನಕ್ಕೆ ಅರ್ಧ ಡಿಕೆಎಚ್ ಮೀರಬೇಡಿ.

ದ್ರಾವಣವನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ, ಮೇಲೆ ತಾರೀಖನ್ನೂ 35 ಎಂಬ ಅಂಕಿಯನ್ನೂ ಬರೆದು ಅಂಟಿಸಿ. ಅದರಲ್ಲಿ ಕೆಡುವಂಥದ್ದೇನೂ ಇಲ್ಲ. ನೀರು ಆವಿಯಾಗಿ ಗಟ್ಟಿಯಾಗುವುದೊಂದೇ ಅಪಾಯ, ಆದ್ದರಿಂದ ಬಾಟಲಿಯನ್ನು ತೆರೆದಿಡಬೇಡಿ, ಡ್ರಾಪರನ್ನು ನೇರವಾಗಿ ಅದರೊಳಗೆ ಅದ್ದಬೇಡಿ. ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳಿ, ಒಂದು ಚಿಟಿಕೆ ಉಪ್ಪಿನ ಖರ್ಚು ಅಷ್ಟೆ. ತಿಂಗಳಿಗೊಮ್ಮೆ, ಮತ್ತು ರಿಫ್ರಾಕ್ಟೋಮೀಟರ್ ಕೈತಪ್ಪಿ ಬಿದ್ದಾಗಲೆಲ್ಲ, ಇದನ್ನು ಹಾಕಿ ನೋಡಿ.